ಬೊಂಡಾಸ್ ಸೀಳಿ ಕಲಿತ ಹತ್ತು ಪಾಠಗಳು

ಮಲ್ಪೆ ಬಂದರಿನ ದಕ್ಕೆಯಲ್ಲಿ ಬೊಂಡಾಸ್ ಅಳೆಯುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ಬೊಂಡಾಸ್ ಅಂದರೆ ಘಟ್ಟದ ಮೇಲಿನವರು ಹೋಟೆಲಿನ ಮೆನುವಿನಲ್ಲಿ ಸ್ಕ್ವಿಡ್ ಎಂದು ಓದುವ ಪ್ರಾಣಿ. ಮೀನಿನ ಬುಟ್ಟಿಗೇ ಬೀಳುತ್ತದೆ, ಮೀನಿನ ಜತೆಗೇ ಏಲಂ ಆಗುತ್ತದೆ, ಆದರೆ ಮೀನಲ್ಲ. ಕುಲದಲ್ಲಿ ಅದು ಮೃದ್ವಂಗಿ, ನಮ್ಮ ಹೊಳೆಯ ಮರುವಾಯಿ ಚಿಪ್ಪಿಗೆ ದೂರದ ನೆಂಟ. ಈ ಕಡಲಲ್ಲಿ ಹೆಚ್ಚಾಗಿ ಸಿಗುವ ಜಾತಿಯ ಹೆಸರು ಯುರೊಟ್ಯೂಥಿಸ್ ಡುವಾಸೆಲಿ. ಹಳೆಯ ವರದಿಗಳಲ್ಲಿ ಇದೇ ಪ್ರಾಣಿ ಲೊಲಿಗೊ ಡುವಾಸೆಲಿ ಎಂದು ಕಾಣಿಸುತ್ತದೆ.

ಹೆಣ್ಣು ಬೊಂಡಾಸ್ ಎಷ್ಟು ಬೇಗ ಬೆಳೆಯುತ್ತದೆ, ಯಾವಾಗ ಮೊಟ್ಟೆಯಿಡಲು ಸಿದ್ಧವಾಗುತ್ತದೆ? ನನ್ನ ಮುಂದಿದ್ದದ್ದು ಈ ಎರಡೇ ಪ್ರಶ್ನೆ. ಒಂದು ವರ್ಷದಲ್ಲಿ ಮುಗಿಸಿಬಿಡುತ್ತೇನೆ ಎಂದು ಎಲ್ಲರೆದುರು ಹೇಳಿಕೊಂಡಿದ್ದೆ. ಆರು ವರ್ಷ ಹಿಡಿಯಿತು. ಅದರಲ್ಲಿ ಮೂರು ವರ್ಷ ಮೊದಲ ಮೂರು ವರ್ಷದ ತಪ್ಪು ತಿದ್ದಲು ಹೋಯಿತು. ಹಾಗಾಗಿ ಬಲ್ಲವಳಂತೆ ಬರೆಯುವ ಧೈರ್ಯ ನನಗಿಲ್ಲ. ತಪ್ಪುಗಳ ಸಂಗ್ರಹ ಮಾತ್ರ ಚೆನ್ನಾಗಿದೆ. ಹೊಸದಾಗಿ ಕತ್ತರಿ ಹಿಡಿಯುವವರಿಗೆ ಒಂದೆರಡಾದರೂ ಉಪಯೋಗಕ್ಕೆ ಬರಲಿ.

1. ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂದು ಮೊದಲ ದಿನವೇ ಕೇಳಿ

ನಾನು ಕೇಳಲಿಲ್ಲ. ಮೀನನ್ನು ಮೂತಿಯಿಂದ ಬಾಲದವರೆಗೆ ಅಳೆದು ಅಭ್ಯಾಸವಿತ್ತು. ಬೊಂಡಾಸನ್ನೂ ಹಲಗೆಯ ಮೇಲೆ ಮಲಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ, ಉದ್ದನೆಯ ಎರಡು ಬಳ್ಳಿಗೈಗಳನ್ನೂ ಸೇರಿಸಿ ಬರೆದುಕೊಂಡೆ. ಆ ಬಳ್ಳಿಗೈಗಳು ಬೇಟೆಗೆ ಚಾಚುವ ಅಂಗ, ರಬ್ಬರಿನ ಹಾಗೆ ಹಿಗ್ಗುತ್ತವೆ. ಬೆಳಿಗ್ಗೆ 30 ಸೆಂಟಿಮೀಟರ್ ಇದ್ದ ಬೊಂಡಾಸ್ ಮಧ್ಯಾಹ್ನ ನನ್ನ ಸಹೋದ್ಯೋಗಿಯ ಕೈಯಲ್ಲಿ 26 ಆಯಿತು. ಅಳೆಯಬೇಕಾದದ್ದು ಮ್ಯಾಂಟಲನ್ನು, ಅಂದರೆ ಚೀಲದಂಥ ಮೈಯನ್ನು, ಬೆನ್ನಿನ ನಡುಗೆರೆಯ ಮೇಲೆ. ತಲೆಯೂ ಬೇಡ, ಕೈಕಾಲೂ ಬೇಡ. ಬೆನ್ನಿನೊಳಗೆ ಪ್ಲಾಸ್ಟಿಕ್ ಗರಿಯಂಥ ಪಾರದರ್ಶಕ ಕಡ್ಡಿಯೊಂದು ಇರುವುದರಿಂದ ಆ ಅಳತೆ ಅಷ್ಟಾಗಿ ಹಿಗ್ಗದು, ಕುಗ್ಗದು. ಮೊದಲ ತಿಂಗಳ ನೋಟ್‌ಬುಕ್ ಇಡಿಯಾಗಿ ವ್ಯರ್ಥವಾಯಿತು. ಅದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ, ಜಂಬ ಬಂದಾಗ ತೆಗೆದು ನೋಡಲು.

2. ದಕ್ಕೆಯ ರಾಶಿಯೇ ಕಡಲು ಎಂದುಕೊಳ್ಳಬೇಡಿ

ಆರಂಭದಲ್ಲಿ ಏಲಂ ಆಗುವ ಜಾಗದಲ್ಲಿ ಚೆಂದಗೆ ಜೋಡಿಸಿಟ್ಟ ಬಾಕ್ಸ್‌ಗಳಿಂದಲೇ ಮಾದರಿ ಕೊಳ್ಳುತ್ತಿದ್ದೆ. ನನ್ನ ಪಟ್ಟಿಯಲ್ಲಿ ಎಳೆಯ ಹೆಣ್ಣುಗಳೇ ಇರಲಿಲ್ಲ. ಇಲ್ಲಿನ ಬೊಂಡಾಸ್ ಬೆಳೆದ ಮೇಲೆ ಎಲ್ಲಿಂದಲೋ ವಲಸೆ ಬರುತ್ತದೆ ಎಂದು ಒಂದು ಟಿಪ್ಪಣಿಯನ್ನೂ ಬರೆದೆ. ಅದನ್ನು ಓದಿ ಹೇಳಿದಾಗ ಬೋಟು ನಡೆಸುವ ಒಬ್ಬ ತಾಂಡೇಲರು ನಗು ತಡೆಯಲಾರದೆ, "ಸಣ್ಣದೆಲ್ಲ ಬೋಟಿನಲ್ಲೇ ಬೇರೆ ಆಗುತ್ತದಲ್ಲ ಮೇಡಂ, ಅದು ಫಿಶ್‌ಮೀಲ್ ರಾಶಿಗೆ ಹೋಗುತ್ತದೆ" ಎಂದರು. ವಾರಗಟ್ಟಲೆ ಕಡಲಲ್ಲಿರುವ ಟ್ರಾಲ್ ಬೋಟುಗಳಲ್ಲಿ ದೊಡ್ಡದು, ಮಧ್ಯಮ, ಸಣ್ಣದು ಎಂದು ವಿಂಗಡಣೆ ಅಲ್ಲೇ ನಡೆದಿರುತ್ತದೆ. ನಾನು ಅಳೆಯುತ್ತಿದ್ದದ್ದು ಬೊಂಡಾಸಿನ ಬೆಳವಣಿಗೆಯನ್ನಲ್ಲ, ವ್ಯಾಪಾರಿಯ ಆಯ್ಕೆಯನ್ನು. ಆಮೇಲಿನಿಂದ ಮೂರೂ ರಾಶಿಯಿಂದ ತೆಗೆದುಕೊಂಡು, ಯಾವ ರಾಶಿ ಒಟ್ಟು ಎಷ್ಟು ತೂಕವಿತ್ತು ಎಂದು ಪಕ್ಕದಲ್ಲಿ ಬರೆಯತೊಡಗಿದೆ. ವಲಸೆಯ ಸಿದ್ಧಾಂತ ತಾನಾಗಿ ಕರಗಿತು.

3. ಬೆಳ್ಳಗೆ ಕಂಡದ್ದೆಲ್ಲ ಗಂಡಿನ ಗುರುತಲ್ಲ

ಹೆಣ್ಣು ಬೊಂಡಾಸಿನ ಹೊಟ್ಟೆ ಸೀಳಿದರೆ ಮೊದಲು ಕಣ್ಣಿಗೆ ಹೊಡೆಯುವುದು ಉದ್ದನೆಯ ಎರಡು ಹಾಲುಬಿಳಿ ಗ್ರಂಥಿಗಳು. ಅವನ್ನು ವೃಷಣವೆಂದು ತಿಳಿದು ಒಂದಿಡೀ ಬಾಕ್ಸ್ ಮಾಗಿದ ಹೆಣ್ಣುಗಳನ್ನು "ಗಂಡು" ಎಂದು ಬರೆದೆ. ಬೊಂಡಾಸ್ ಸುಲಿಯುವ ಶೆಡ್ಡಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಪುಸ್ತಕ ಇಣುಕಿ, "ಎಂತ ಬರೆದದ್ದು?" ಎಂದು ಕೇಳಿದರು. ಹೇಳಿದೆ. "ಅಲ್ಲ ಮಾರಾಯ್ತಿ, ಇದರ ಹಿಂದೆ ಮೊಟ್ಟೆ ಉಂಟಲ್ಲ, ಗಂಡು ಮೊಟ್ಟೆ ಇಡ್ತದಾ?" ಎಂದರು. ಅವರು ಬೆರಳಿನಿಂದ ಸರಿಸಿ ತೋರಿಸಿದ ಕಡೆ ಬೇಯಿಸಿದ ಸಬ್ಬಕ್ಕಿಯಂಥ, ಜೇನಿನ ಬಣ್ಣದ ಮೊಟ್ಟೆಗಳು ತುಂಬಿದ್ದವು. ಬಿಳಿಯ ಜೋಡಿಯ ಹೆಸರು ನಿಡಮೆಂಟಲ್ ಗ್ರಂಥಿ. ಮೊಟ್ಟೆಗಳನ್ನು ಸುತ್ತುವ ಲೋಳೆ ತಯಾರಾಗುವುದು ಅಲ್ಲಿ. ಕಡಲ ತಳದಲ್ಲಿ ಬೆರಳಿನಂಥ ಜೆಲ್ಲಿ ಕೋಶಗಳ ಗೊಂಚಲಾಗಿ ಕಾಣುವ ಬೊಂಡಾಸಿನ ಮೊಟ್ಟೆಗೆ ಆ ಹೊದಿಕೆ ಕೊಡುವುದು ಇದೇ. ಗಂಡು ಹೆಣ್ಣು ಗುರುತಿಸಲು ಹೊಟ್ಟೆಯನ್ನೇ ನಂಬಬೇಕಿಲ್ಲ: ಬೆಳೆದ ಗಂಡಿನ ಎಡಗಡೆಯ ನಾಲ್ಕನೆಯ ಕೈಯ ತುದಿಭಾಗ ಬೇರೆ ರೂಪ ತಾಳಿರುತ್ತದೆ. ವೀರ್ಯದ ಪೊಟ್ಟಣಗಳನ್ನು ದಾಟಿಸುವ ಕೈ ಅದು. ಈಗ ಮೊದಲು ಕೈ ನೋಡುತ್ತೇನೆ, ಆಮೇಲೆ ಕತ್ತರಿ.

4. ಬಣ್ಣವನ್ನು ಆ ಕ್ಷಣವೇ ಬರೆದಿಡಿ

ನಿಡಮೆಂಟಲ್ ಗ್ರಂಥಿಯ ಹತ್ತಿರವೇ ಅದಕ್ಕೆ ಪೂರಕವಾದ ಸಣ್ಣ ಗ್ರಂಥಿಯ ಜೋಡಿಯೊಂದಿದೆ. ಎಳೆಯ ಹೆಣ್ಣಿನಲ್ಲಿ ಅದು ಬಿಳಿಚಿಕೊಂಡಿರುತ್ತದೆ. ಹೆಣ್ಣು ಮಾಗುತ್ತಿದ್ದಂತೆ ಕಿತ್ತಳೆ, ಕೆಂಪು ಚುಕ್ಕೆಗಳು ಮೂಡುತ್ತವೆ. ದೂರದಿಂದಲೇ ಹೇಳುವಂಥ ಗುರುತು. ನಾನೋ, ಸಮಯವಿಲ್ಲವೆಂದು ನಲವತ್ತು ಹೆಣ್ಣುಗಳನ್ನು ಫಾರ್ಮಲಿನ್‌ಗೆ ಹಾಕಿ ರಜೆಗೆ ಊರಿಗೆ ಹೋದೆ. ಬಂದು ನೋಡಿದರೆ ಎಲ್ಲವೂ ಒಂದೇ ಮಾಸಲು ಬಣ್ಣ. ಕೆಂಪು ಯಾಕೆ ಬರುತ್ತದೆಂದು ಓದಿದ್ದೂ ಆಮೇಲೆಯೇ: ಆ ಗ್ರಂಥಿಯೊಳಗೆ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ, ಬಣ್ಣ ಅವುಗಳ ಕೊಡುಗೆ. ಹವಾಯಿಯ ಬಾಬ್‌ಟೇಲ್ ಸ್ಕ್ವಿಡ್ ಮೇಲೆ ನಡೆದ ಪ್ರಯೋಗಗಳಲ್ಲಿ, ಮೊಟ್ಟೆಯ ಹೊದಿಕೆಗೆ ಸೇರುವ ಇಂಥ ಬ್ಯಾಕ್ಟೀರಿಯಾಗಳನ್ನು ಇಲ್ಲವಾಗಿಸಿದಾಗ ಮೊಟ್ಟೆಗಳಿಗೆ ಬೂಷ್ಟು ಹಿಡಿಯಿತು. ಅಂದರೆ ಮಾಗುವುದು ಅಂಡಾಶಯ ತುಂಬುವುದಷ್ಟೇ ಅಲ್ಲ, ಮರಿಗಳಿಗೆ ಕಾವಲು ಸಿದ್ಧಪಡಿಸುವುದೂ ಹೌದು. ನನ್ನ ನಲವತ್ತು ಜಾಡಿಗಳು ಇದೊಂದನ್ನೂ ಹೇಳಲಿಲ್ಲ. ತಾಜಾ ಇರುವಾಗಲೇ ನೋಡಿ, ನೋಡುತ್ತಲೇ ಬರೆಯಿರಿ.

5. ಉದ್ದ ನೋಡಿ ವಯಸ್ಸು ಹೇಳಬೇಡಿ

ಇದು ನನ್ನ ಅತಿ ದೊಡ್ಡ ಮುಗ್ಗರಿಕೆ. ತಿಂಗಳು ತಿಂಗಳೂ ಸಾವಿರಾರು ಬೊಂಡಾಸ್ ಅಳೆದು ಯಾವ ಉದ್ದದವು ಹೆಚ್ಚಿವೆ ಎಂದು ಗ್ರಾಫ್ ಹಾಕುತ್ತಿದ್ದೆ. ಗ್ರಾಫಿನ ದಿಬ್ಬ ತಿಂಗಳಿಂದ ತಿಂಗಳಿಗೆ ಎಷ್ಟು ಬಲಕ್ಕೆ ಸರಿಯಿತೋ ಅಷ್ಟು ಬೆಳವಣಿಗೆ ಎನ್ನುವುದು ಮೀನಿನ ಲೆಕ್ಕ. ನನ್ನ ದಿಬ್ಬ ಬಲು ನಿಧಾನ ಸರಿಯಿತು. ಬೊಂಡಾಸಿನ ಆಯುಸ್ಸು ಎರಡು ವರ್ಷಕ್ಕೂ ಹೆಚ್ಚು ಎಂದು ಬರೆದೆ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನೋಡಿದಷ್ಟೇ ಜನ ಸಂಜೆಯೂ ಇರುತ್ತಾರೆ. ಹಾಗೆಂದು ಅವರೆಲ್ಲ ಬೆಳಗ್ಗಿನಿಂದ ಅಲ್ಲೇ ನಿಂತಿದ್ದಾರೆ ಎನ್ನಲಾದೀತೆ? ಈ ಬೆಚ್ಚನೆಯ ಕಡಲಲ್ಲಿ ಬೊಂಡಾಸ್ ವರ್ಷವಿಡೀ ಮೊಟ್ಟೆಯಿಡುತ್ತದೆ, ಕೆಲವು ತಿಂಗಳು ಹೆಚ್ಚು, ಕೆಲವು ತಿಂಗಳು ಕಡಿಮೆ. ಹೊಸ ತಂಡ ಬರುತ್ತಲೇ ಇರುತ್ತದೆ, ಹಳೆಯದು ಹೋಗುತ್ತಲೇ ಇರುತ್ತದೆ, ದಿಬ್ಬ ಮಾತ್ರ ನಿಂತಲ್ಲೇ ನಿಂತಂತೆ ಕಾಣುತ್ತದೆ. ಸರಿಯಾದ ಗಡಿಯಾರ ಇರುವುದು ತಲೆಯೊಳಗೆ. ಸ್ಟಾಟೊಲಿತ್ ಎಂಬ ಜೋಡಿ ಸುಣ್ಣದ ಹರಳುಗಳು, ಮೈಯ ಸಮತೋಲ ಕಾಯ್ದುಕೊಳ್ಳಲು ಇರುವಂಥವು, ದಿನಕ್ಕೊಂದು ಉಂಗುರ ಬೆಳೆಯುತ್ತವೆ. ಆಸ್ಟ್ರೇಲಿಯಾದ ಉಷ್ಣವಲಯದ ಕಡಲಲ್ಲಿ ಜಾರ್ಜ್ ಜಾಕ್ಸನ್ 1980ರ ದಶಕದ ಕೊನೆಯಿಂದ ಈ ಉಂಗುರ ಎಣಿಸಿ, ಅಲ್ಲಿನ ಸಣ್ಣ ಸ್ಕ್ವಿಡ್‌ಗಳ ಬದುಕು ತಿಂಗಳುಗಳ ಲೆಕ್ಕದ್ದು, ವರ್ಷಗಳದ್ದಲ್ಲ ಎಂದು ತೋರಿಸಿದರು. ನಾನು ಎಣಿಸಿದಾಗಲೂ ಎರಡು ವರ್ಷದ ಮುದುಕಿಯರೆಂದು ಬರೆದಿದ್ದ ಹೆಣ್ಣುಗಳು ಒಂದು ವರ್ಷವನ್ನೂ ಕಂಡಿರಲಿಲ್ಲ.

6. ಉತ್ತರ ಗೊತ್ತಿದ್ದು ಉಂಗುರ ಎಣಿಸಬೇಡಿ

ಸ್ಟಾಟೊಲಿತ್ ಎಂದರೆ ಸುಲಭದ ಮಾತಲ್ಲ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಹರಳನ್ನು ಗಾಜಿನ ಮೇಲೆ ಅಂಟಿಸಿ, ಒಂದು ಮಗ್ಗುಲು ಉಜ್ಜಿ, ತಿರುಗಿಸಿ ಇನ್ನೊಂದು ಮಗ್ಗುಲು ಉಜ್ಜಬೇಕು. ಒಂದು ಉಜ್ಜು ಕಡಿಮೆಯಾದರೆ ಉಂಗುರ ಕಾಣದು, ಒಂದು ಉಜ್ಜು ಹೆಚ್ಚಾದರೆ ಹರಳೇ ಮಾಯ. ಮೊದಲ ಇಪ್ಪತ್ತರಲ್ಲಿ ಹದಿನೇಳು ಮಾಯವಾದವು. ಆದರೆ ಅದಕ್ಕಿಂತ ಕೆಟ್ಟ ತಪ್ಪು ಬೇರೆ ಇತ್ತು. ಪ್ರತಿ ಗಾಜಿನ ಮೇಲೂ ಆ ಹೆಣ್ಣಿನ ಉದ್ದವನ್ನು ಬರೆದಿಟ್ಟಿದ್ದೆ. 16 ಸೆಂಟಿಮೀಟರಿನದು ಎಂದು ಗೊತ್ತಿದ್ದರೆ ಮಸುಕಾದ ಅಂಚಿನಲ್ಲಿ ನಾಲ್ಕು ಉಂಗುರ ಹೆಚ್ಚು ಕಾಣುತ್ತಿತ್ತು, 8 ಎಂದಿದ್ದರೆ ಕಾಣುತ್ತಿರಲಿಲ್ಲ. ಕಣ್ಣು ಸುಳ್ಳು ಹೇಳಲಿಲ್ಲ, ಮನಸ್ಸಿಗೆ ಬೇಕಾದದ್ದನ್ನು ತೋರಿಸಿತು. ಗಾಜಿಗೆ ಬರೀ ಸಂಖ್ಯೆ ಕೊಟ್ಟು, ಬೇರೆಯವರಿಂದ ಇನ್ನೊಮ್ಮೆ ಎಣಿಕೆ ಮಾಡಿಸಿದಾಗ ನನ್ನ ಸುಂದರ ಗೆರೆ ಚದುರಿದ ಚುಕ್ಕೆಗಳಾಯಿತು. ಒಂದೇ ಉದ್ದದ ಎರಡು ಹೆಣ್ಣುಗಳ ನಡುವೆ ವಾರಗಳ ಅಂತರ, ಒಂದೇ ವಯಸ್ಸಿನ ಎರಡರ ನಡುವೆ ಗಾತ್ರದಲ್ಲಿ ಅಷ್ಟೇ ಅಂತರ. ನಿಜ ಇದ್ದದ್ದು ಆ ಚದುರಿದ ಚುಕ್ಕೆಗಳಲ್ಲೇ.

7. ಕೂಡಿದ ಹೆಣ್ಣೆಲ್ಲ ಮಾಗಿದ ಹೆಣ್ಣು ಎನ್ನಬೇಡಿ

ಹೆಣ್ಣಿನ ಬಾಯಿಯ ಕೆಳಗಿನ ಮಡಿಕೆಯಲ್ಲಿ ಬಿಳಿಯ ಚುಕ್ಕೆಯೊಂದು ಆಗಾಗ ಕಾಣುತ್ತಿತ್ತು. ಮೊದಲ ವರ್ಷ ಅದನ್ನು ಊಟದ ಚೂರು ಎಂದು ಒರೆಸಿ ಹಾಕಿದೆ. ಎರಡನೆಯ ವರ್ಷ ಪರಾವಲಂಬಿ ಎಂದು ಬರೆದೆ. ಮೂರನೆಯ ವರ್ಷ ಸೂಕ್ಷ್ಮದರ್ಶಕದ ಕೆಳಗಿಟ್ಟೆ, ವೀರ್ಯಾಣುಗಳಿದ್ದವು. ಗಂಡು ಕೊಟ್ಟದ್ದನ್ನು ಹೆಣ್ಣು ಅಲ್ಲಿ ಕೂಡಿಟ್ಟುಕೊಂಡು, ಮೊಟ್ಟೆಯಿಡುವ ಹೊತ್ತಿಗೆ ಬಳಸುತ್ತದೆ. ಸಿಕ್ಕಿತು ಗುರುತು ಎಂದು ಕುಣಿದು, ಚುಕ್ಕೆ ಇದ್ದವರನ್ನೆಲ್ಲ "ಮಾಗಿದವು" ಎಂಬ ಕಾಲಮ್ಮಿಗೆ ಸೇರಿಸಿದೆ. ಆ ಉತ್ಸಾಹವೂ ಬಾಳಲಿಲ್ಲ. ಅಂಡಾಶಯ ಇನ್ನೂ ದಾರದೆಳೆಯಂತಿದ್ದ ಹೆಣ್ಣುಗಳಲ್ಲೂ ಆ ಚುಕ್ಕೆ ಸಿಕ್ಕಿತು. ಸ್ಕ್ವಿಡ್‌ಗಳಲ್ಲಿ ಗಂಡು ಮುಂಚೆಯೇ ಸಿದ್ಧ, ಹೆಣ್ಣು ಇನ್ನೂ ಎಳೆಯದಿದ್ದಾಗಲೇ ಕೂಡುವುದುಂಟು. ವೀರ್ಯ ಕಾಯುತ್ತದೆ, ಮೊಟ್ಟೆ ತನ್ನ ಹೊತ್ತಿಗೆ ಮಾಗುತ್ತದೆ. ಈಗ ನನ್ನ ಹಾಳೆಯಲ್ಲಿ ಕೂಡಿದೆಯೇ ಎಂಬುದಕ್ಕೆ ಒಂದು ಕಾಲಂ, ಮಾಗಿದೆಯೇ ಎಂಬುದಕ್ಕೆ ಇನ್ನೊಂದು.

8. ಖಾಲಿಯಾದ ಚೀಲ ಕಂಡು ಕಥೆ ಮುಗಿಯಿತೆನ್ನಬೇಡಿ

ಪೋಲೆಂಡಿನ ಮಾರೆಕ್ ಲಿಪಿನ್ಸ್ಕಿ 1979ರಲ್ಲಿ ಕೊಟ್ಟ ಮಾಗುವಿಕೆಯ ಮಾಪಕದಲ್ಲಿ ಆರು ಮೆಟ್ಟಿಲುಗಳಿವೆ. ಕೊನೆಯದು, ಮೊಟ್ಟೆ ಇಟ್ಟು ಮುಗಿದ ಹೆಣ್ಣು. ಆ ಆರನೆಯ ಮೆಟ್ಟಿಲು ತುಂಬಿಸುವ ಆತುರದಲ್ಲಿ ಮೊಟ್ಟೆನಾಳ ಅರ್ಧ ಬರಿದಾದ ಹೆಣ್ಣುಗಳನ್ನೆಲ್ಲ ಅಲ್ಲಿಗೆ ದೂಡಿದೆ. ಅಂಡಾಶಯವನ್ನು ಸರಿಯಾಗಿ ಬಿಡಿಸಿ ನೋಡಿದ ದಿನ ಪೆಚ್ಚಾದೆ. ದೊಡ್ಡ ಮೊಟ್ಟೆಯ ಪಕ್ಕದಲ್ಲಿ ಮಧ್ಯಮದ್ದು, ಅದರ ಸಂದಿಯಲ್ಲಿ ಪುಡಿಯಂಥದ್ದು, ಎಲ್ಲ ವಯಸ್ಸಿನವೂ ಒಟ್ಟಿಗೆ. ಹೊಟ್ಟೆಯಲ್ಲಿ ಆಗತಾನೆ ತಿಂದ ಸಿಗಡಿಯ ಚೂರು. ಅದು ಮುಗಿದವಳಲ್ಲ, ಒಂದು ಕಂತು ಇಟ್ಟು, ಉಂಡು, ಮುಂದಿನ ಕಂತಿಗೆ ಅಣಿಯಾಗುತ್ತಿದ್ದವಳು. ಇದರ ಎದುರು ತುದಿಯೂ ಉಂಟು: ದಕ್ಷಿಣದ ತಣ್ಣನೆಯ ಆಳಗಡಲಿನ ಮೊರೊಟ್ಯೂಥಿಸ್ ಇಂಜೆನ್ಸ್ ಎಂಬ ಸ್ಕ್ವಿಡ್. ಅದರ ಹೆಣ್ಣು ತನ್ನ ಮೈಯ ಮಾಂಸವನ್ನೇ ಕರಗಿಸಿಕೊಂಡು ಲೋಳೆಯಂತಾಗಿ ಒಮ್ಮೆಗೇ ಮುಗಿಯುತ್ತದೆ ಎಂದು 1994ರಲ್ಲಿ ವರದಿಯಾಯಿತು. ಆ ಲೇಖನ ಓದಿದ ಗುಂಗಿನಲ್ಲಿ ನಮ್ಮ ಬೊಂಡಾಸಿಗೂ ಅದೇ ಗತಿ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಒಂದು ಜಾತಿಯ ಕಥೆಯನ್ನು ಇನ್ನೊಂದರ ಬಾಯಿಗೆ ತುರುಕಬಾರದು. ಗಾತ್ರದ ಮಾತಿನಲ್ಲೂ ಹಾಗೆಯೇ. ನಮ್ಮ ದಕ್ಕೆಯ ಬೊಂಡಾಸಿನಲ್ಲಿ ಗಂಡೇ ಉದ್ದ, ಅರಬ್ಬೀ ಸಮುದ್ರದ ನಡುವಿನ ಹಾರುವ ಸ್ಕ್ವಿಡ್‌ನಲ್ಲಿ ಹೆಣ್ಣೇ ದೊಡ್ಡದು.

9. ಚಂದ್ರನ ಮೇಲೆ ಭಾರ ಹಾಕುವ ಮೊದಲು ಇನ್ನೊಂದು ವರ್ಷ ಕಾಯಿರಿ

ಯಾವುದು ಹೆಣ್ಣನ್ನು ಮಾಗಿಸುತ್ತದೆ? ಒಂದು ವರ್ಷದ ಲೆಕ್ಕದಲ್ಲಿ ಅಮಾವಾಸ್ಯೆಯ ಆಸುಪಾಸು ಮಾಗಿದ ಹೆಣ್ಣುಗಳು ಹೆಚ್ಚಿದ್ದವು. ಬಣ್ಣದ ಗ್ರಾಫ್ ಮಾಡಿ ಗೋಡೆಗೆ ಅಂಟಿಸಿದೆ. ಮರುವರ್ಷ ಚಂದ್ರ ಕೈಕೊಟ್ಟ. ಗ್ರಾಫನ್ನು ರಾತ್ರಿ ಯಾರೂ ಇಲ್ಲದಾಗ ತೆಗೆದೆ. ಒಳಗಿನ ಕೀಲಿಕೈ ಎಲ್ಲಿದೆ ಎಂಬುದರ ಬಗ್ಗೆ ಒಳ್ಳೆಯ ಸುಳಿವು ಸಿಕ್ಕಿದ್ದು ಬೊಂಡಾಸಿನ ನೆಂಟ ಆಕ್ಟೋಪಸ್‌ನಿಂದ. ಕಣ್ಣಿನ ಹಿಂದಿರುವ ಆಪ್ಟಿಕ್ ಗ್ರಂಥಿಗಳು ಮೆದುಳಿನ ಹಿಡಿತ ತಪ್ಪಿದರೆ ಊದಿಕೊಂಡು, ಎಳೆಯ ಹೆಣ್ಣನ್ನೂ ಮಾಗಿಸಿಬಿಡುತ್ತವೆ ಎಂದು ಮಾರ್ಟಿನ್ ಮತ್ತು ಜಾಯ್ಸ್ ವೆಲ್ಸ್ ದಂಪತಿ 1959ರಲ್ಲಿ ತೋರಿಸಿದರು. 1977ರಲ್ಲಿ ಜೆರೋಮ್ ವೊಡಿನ್ಸ್ಕಿ, ಮೊಟ್ಟೆಯಿಟ್ಟು ಊಟ ಬಿಟ್ಟಿದ್ದ ಹೆಣ್ಣು ಆಕ್ಟೋಪಸ್‌ಗಳ ಆ ಗ್ರಂಥಿಗಳನ್ನು ತೆಗೆದಾಗ ಅವು ಮತ್ತೆ ಉಣ್ಣತೊಡಗಿ ಹೆಚ್ಚು ಕಾಲ ಬದುಕಿದವು. ಹೊರಗಿನಿಂದ ಬೆಳಕು, ಊಟ, ನೀರಿನ ಬಿಸಿ ಎಲ್ಲ ಸೇರಿ ಕೆಲಸ ಮಾಡುತ್ತವೆ. ಬೆಚ್ಚಗಾಗುತ್ತಾ ಹೋಗುವ ನೀರಿನಲ್ಲಿ ತಡವಾಗಿ ಹುಟ್ಟಿದ ಮರಿಗಳು ಮೊದಲೇ ಹುಟ್ಟಿದ ಅಕ್ಕಂದಿರಿಗಿಂತ ಬೇಗ ಬೆಳೆಯಬಹುದು ಎಂದು ಜಾನ್ ಫಾರ್ಸೈತ್ 1993ರಲ್ಲಿ ಊಹೆ ಮುಂದಿಟ್ಟರು. ನಮ್ಮ ಕರಾವಳಿಯಲ್ಲೋ ಮುಂಗಾರಿನಲ್ಲಿ ತಳದ ತಣ್ಣೀರು ಮೇಲೇಳುತ್ತದೆ, ಆಮೇಲೆ ಮತ್ತೆ ಬೆಚ್ಚಗಾಗುತ್ತದೆ. ಎಲ್ಲ ತಿಂಗಳ ಹೆಣ್ಣುಗಳನ್ನು ಒಂದೇ ಬುಟ್ಟಿಗೆ ಸುರಿದು ಸರಾಸರಿ ತೆಗೆದಿದ್ದ ನನಗೆ ಇದೆಲ್ಲ ಹೇಗೆ ಕಂಡೀತು? ಹುಟ್ಟಿದ ತಿಂಗಳ ಪ್ರಕಾರ ಬೇರೆ ಮಾಡಿ ನೋಡಿದ ಮೇಲೆಯೇ ಚದುರಿದ ಚುಕ್ಕೆಗಳಿಗೆ ಸ್ವಲ್ಪ ಅರ್ಥ ಬಂತು.

10. ಒಂದೇ ಸಂಖ್ಯೆ ಕೇಳಿದವರಿಗೆ ಎರಡು ಬೊಂಡಾಸ್ ತೋರಿಸಿ

"ಎಷ್ಟು ಉದ್ದಕ್ಕೆ ಮಾಗುತ್ತದೆ, ಒಂದು ಸಂಖ್ಯೆ ಹೇಳಿ" ಎಂದು ಸಭೆಗಳಲ್ಲಿ ಕೇಳುತ್ತಾರೆ. ನಾನೂ ವರ್ಷಗಟ್ಟಲೆ ಒಂದು ಸಂಖ್ಯೆ ಹೇಳಿ ಕೂತಿದ್ದೇನೆ, ದಶಾಂಶ ಸಮೇತ. ಅದು ನೂರರಲ್ಲಿ ಐವತ್ತು ಹೆಣ್ಣುಗಳು ಮಾಗಿರುವ ಉದ್ದ, ಅಷ್ಟೆ. ಉಳಿದ ಐವತ್ತರ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಂದು ದಿನ ಒಂದೇ ಬೋಟಿನ ಒಂದೇ ಬಲೆಯಲ್ಲಿ 8 ಸೆಂಟಿಮೀಟರಿನ, ಮೊಟ್ಟೆ ತುಂಬಿದ ಹೆಣ್ಣೂ 14 ಸೆಂಟಿಮೀಟರಿನ, ಇನ್ನೂ ಮಾಗದ ಹೆಣ್ಣೂ ಸಿಕ್ಕವು. ಶೆಡ್ಡಿನ ಆ ಹಿರಿಯರಿಗೆ ತೋರಿಸಿದೆ. ಅಷ್ಟರಲ್ಲಿ ನಾನು ಮಾರಾಯ್ತಿಯಿಂದ "ಮಗಾ" ಆಗಿದ್ದೆ. "ನಮ್ಮ ಮನೆಯಲ್ಲಿ ಎಲ್ಲ ಹುಡುಗಿಯರೂ ಒಂದೇ ವರ್ಷಕ್ಕೆ ದೊಡ್ಡವರಾದರಾ ಮಗಾ?" ಎಂದು ಕೇಳಿ ಅವರು ಸುಲಿಯುವುದನ್ನು ಮುಂದುವರಿಸಿದರು. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವ ತಂಗಿ ತಮ್ಮಂದಿರಲ್ಲಿ ಒಂದು ಬಿನ್ನಹ. ಮಾಗಿದ ಹೆಣ್ಣು ಸಿಕ್ಕ ಸಂಭ್ರಮದಲ್ಲಿ ಮಾಗದವನ್ನು ಬಿಡಬೇಡಿ. ಸಂಶಯವಿದ್ದರೆ ಕಾಲಂ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ಬಲೆಯಲ್ಲಿ ಬೆರಳಿನಂಥ ಜೆಲ್ಲಿ ಗೊಂಚಲು ಬಂದಿತ್ತೇ, ಎಷ್ಟು ಮಾರು ಆಳದಲ್ಲಿ ಎಂದು ತಾಂಡೇಲರನ್ನು ಕೇಳಿ ಬರೆದುಕೊಳ್ಳಿ. ಮಂಗಳೂರು, ಮಲ್ಪೆಯ ಕಡಲಲ್ಲಿ ಬೊಂಡಾಸ್ ಮೊಟ್ಟೆಯಿಡಲು ಗುಂಪುಗೂಡುವುದನ್ನು ವಿಜ್ಞಾನಿ ಕೆ. ಸುನಿಲ್ ಮೊಹಮ್ಮದ್ 1990ರ ದಶಕದಲ್ಲೇ ದಾಖಲಿಸಿದ್ದರು. ಅಂಥ ಜಾಗಗಳ ಲೆಕ್ಕ ಮುಂದುವರಿಯಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಟ್ರಾಲ್ ಬೋಟುಗಳು ದಡದಲ್ಲಿರುತ್ತವೆ. ವರ್ಷವಿಡೀ ಮೊಟ್ಟೆಯಿಡುವ ಪ್ರಾಣಿಗೆ ಅದು ವರ್ಷದ ಆರನೆಯ ಒಂದು ಭಾಗದ ಬಿಡುವು ಮಾತ್ರ. ಹೋದ ವರ್ಷ ಇದೇ ಹೊತ್ತಿಗೆ ಕಡಲಲ್ಲಿ ಬೆಳೆದು ನಿಂತಿದ್ದ ಬೊಂಡಾಸಿನಲ್ಲಿ ಇವತ್ತು ಉಳಿದಿರುವುದು ಇಲ್ಲವೆನ್ನುವಷ್ಟು. ಈಗ ಬುಟ್ಟಿಯಲ್ಲಿರುವುದು ಅವುಗಳ ಮಕ್ಕಳು, ಮೊಮ್ಮಕ್ಕಳು.